ಮಾತು ಬಿಟ್ಟವನ ಕಾಲು

ಶಹಾಪುರ
12 ಜೂನ್ 2024

ಮೌನೇಶ್ವರಿಗೆ,

ಇಲ್ಲಿ ಎಲ್ಲರೂ ಆರಾಮ, ನನ್ನ ಎಡಗಾಲು ಒಂದನ್ನು ಬಿಟ್ಟು. ಆ ಕಾಲಿನ ಸುದ್ದಿಯನ್ನು ನಿಮ್ಮವ್ವ ಫೋನಿನಲ್ಲಿ ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳಿರುತ್ತಾಳೆ. ಅದಕ್ಕೇ ಈ ಕಾಗದ.

ಮೊದಲು ಒಂದು ವಿಷಯ ಗೊತ್ತಿರಲಿ. ನಾನು ನಿನ್ನ ಜೊತೆ ಮಾತಾಡುತ್ತಿಲ್ಲ. ಸುರಪುರದ ನಮ್ಮಕ್ಕನಿಗೆ, ಅವಳ ಮಗ ಭೀಮೇಶನಿಗೇ ನಿನ್ನನ್ನು ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ನೀನು ಒಲ್ಲೆ ಎಂದೆ. ಯಾದಗಿರಿಗೆ ಹೋಗಿ ಔಷಧಿ ಅಂಗಡಿ ಸೇರಿದೆ. ನನ್ನ ಮಾತಿಗೆ ಬೆಲೆ ಇಲ್ಲದ ಮೇಲೆ ನಿನ್ನ ಜೊತೆ ಮಾತೇ ಇಲ್ಲ ಎಂದು ಇಸ್ತ್ರಿ ಪೆಟ್ಟಿಗೆ ಮುಟ್ಟಿ ಆಣೆ ಮಾಡಿದೆ. ಆ ಆಣೆ ಹಾಗೇ ಇದೆ. ಆದರೆ ಅದು ಬಾಯಿಯ ಆಣೆ, ಕೈಯದಲ್ಲ. ಪಕ್ಕದ ಅಂಗಡಿಯ ಟೇಲರ್ ಲಾಡ್ಲೇಸಾಬನನ್ನೂ ಕೇಳಿದೆ. "ಕಾಗದಕ್ಕ ನಾಲಿಗಿ ಎಲ್ಲಿ ಅದ ಗುರಣ್ಣ? ಬರಿ, ಬರಿ" ಅಂದ.

ಕಾಲಿನ ವಿಷಯ ಇಷ್ಟೇ. ಮೊಣಕಾಲಿನ ಕೆಳಗೆ ನರ ಉಬ್ಬಿವೆ, ಹಾಗಲ ಬಳ್ಳಿ ಬೇಲಿಗೆ ಹಬ್ಬಿದಂತೆ. ಹಿಮ್ಮಡಿಯ ಮೇಲೆ ಒಳಬದಿಗೆ ಚರ್ಮ ಕಪ್ಪಾಗಿದೆ, ಕೆರೆಯುತ್ತದೆ. ಕೆರೆದರೆ ಹೊಟ್ಟು ಉದುರುತ್ತದೆ. ಇದೆಲ್ಲ ಇಸ್ತ್ರಿಯ ಕಾವು. ಹುಡುಗನಿದ್ದಾಗಿನಿಂದ ಕೆಂಡದ ಮುಂದೆ ನಿಂತವನ ಕಾಲು ಬೆಳ್ಳಗೆ ಇರುತ್ತದೆಯೇ? ನಿಮ್ಮವ್ವ ಕೂತು ಮಾಡು ಅನ್ನುತ್ತಾಳೆ. ಕೂತು ಇಸ್ತ್ರಿ ಮಾಡಿದರೆ ಮಡಿಕೆ ಕೂರುವುದಿಲ್ಲ. ಕೋರ್ಟಿನ ವಕೀಲರು ಮಡಿಕೆ ನೋಡಿಯೇ ನನ್ನ ಹತ್ತಿರ ಬರುವುದು.

ನಿಮ್ಮ ಅಂಗಡಿಯಲ್ಲಿ ಏನಾದರೂ ಮುಲಾಮು ಇದ್ದರೆ ಕಳಿಸು.

ಗುರಣ್ಣ
ಇಸ್ತ್ರಿ ಅಂಗಡಿ, ಶಹಾಪುರ

ನಿಮ್ಮವ್ವ ಎದುರಿಗೆ ಕೂತು ಇದನ್ನೂ ಬರೆ ಅನ್ನುತ್ತಿದ್ದಾಳೆ: "ಕಾಲು ಸಂಜೀಕ ಕುಂಬಳಕಾಯಿ ಆಗ್ತದ, ಅದನ್ಯಾಕ ಬರೀಲಿಲ್ಲ?" ಬರೆದಿದ್ದೇನೆ.


ಯಾದಗಿರಿ
20 ಜೂನ್ 2024

ಅಪ್ಪಾ,

ನಿನ್ನ ಅಕ್ಷರ ನೋಡಿ ಅಂಗಡಿಯಲ್ಲೇ ಅತ್ತುಬಿಟ್ಟೆ. ಗಿರಾಕಿಯೊಬ್ಬರು ಕೆಮ್ಮಿನ ಔಷಧಿ ಕೇಳಲು ಬಂದವರು, ಏನಾಯಿತವ್ವಾ ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು. ಮೂರು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಮಾತು ಇದು. ಮಾತಲ್ಲ ಅನ್ನುತ್ತೀಯ, ಇರಲಿ. ಮೌನೇಶ್ವರಿ ಎಂದು ಹೆಸರಿಟ್ಟದ್ದು ನನಗೆ, ಮೌನ ಹಿಡಿದದ್ದು ನೀನು.

ಮುಲಾಮು ಕಳಿಸಿದ್ದೇನೆ. ಅದು ಚರ್ಮ ಒಣಗದಿರಲಿ ಎಂದು ಹಚ್ಚುವುದು, ಅಷ್ಟೇ. ಕೆರೆಯಬೇಡ. ಉಬ್ಬಿದ ನರ ಮುಲಾಮಿಗೆ ಬಗ್ಗುವುದಿಲ್ಲ. ನರದ ಡಾಕ್ಟರಿಗೆ ತೋರಿಸು. ತಡ ಮಾಡಬೇಡ.

ಅವ್ವ ಇನ್ನೊಂದು ಹೇಳಿದಳು. ಮೊನ್ನೆ ಪುಂಡಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. "ನಿಮ್ಮಪ್ಪ ಸುಮ್ನ ಉಂಡು ಎದ್ದಾನ, ಒಂದು ಬೈಗಳ ಇಲ್ಲ. ನನಗ ಅಂಜಿಕಿ ಬಂದದ" ಅಂದಳು. ನನಗೂ ಬಂತು. ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೆ ತಾಟು ಸರಿಸಿ ಏಳುತ್ತಿದ್ದವನು ನೀನು. ಊಟ ಸರಿಯಾಗಿ ಸೇರುತ್ತಿದೆಯೇ?

ನಿನ್ನ
ಮೌನಾ


ಶಹಾಪುರ
9 ಜುಲೈ 2024

ಮೌನೇಶ್ವರಿಗೆ,

ನೀನು ಹೇಳಿದಂತೆ ನರದ ಡಾಕ್ಟರಿಗೆ ತೋರಿಸಿದೆ. ಇಲ್ಲಿಗೆ ವಾರಕ್ಕೊಮ್ಮೆ ಹೊರಗಿನಿಂದ ಒಬ್ಬರು ಬರುತ್ತಾರೆ. ಹೊರಗೆ ದೊಡ್ಡ ಬೋರ್ಡು, ನರರೋಗ ತಜ್ಞರು ಎಂದು. ಬಹಳ ಒಳ್ಳೆಯವರು. ತಲೆ ತಿರುಗುತ್ತದೆಯೇ, ಕೈ ಜುಮ್ಮೆನ್ನುತ್ತದೆಯೇ ಎಂದು ಕೇಳಿದರು. ಇಲ್ಲ ಅಂದೆ. ಕಣ್ಣು ಮುಚ್ಚಿ ನಿಲ್ಲು ಅಂದರು, ನಿಂತೆ. ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಆಮೇಲೆ ಸಣ್ಣದೊಂದು ಸುತ್ತಿಗೆಯಿಂದ ಮೊಣಕಾಲಿಗೆ ಬಡಿದರು. ಕಾಲು ಹಾರಿ ಅವರ ಟೇಬಲ್ಲಿಗೇ ಬಿತ್ತು.

"ನಿಮ್ಮ ನರ ಗಟ್ಟಿ ಅದಾವ್ರಿ, ಏನೂ ತ್ರಾಸಿಲ್ಲ" ಅಂದರು.

ನಿಮ್ಮವ್ವನಿಗೆ ಹೇಳಿದೆ, ಲಾಡ್ಲೇಸಾಬನಿಗೆ ಹೇಳಿದೆ, ಈಗ ನಿನಗೆ ಬರೆಯುತ್ತಿದ್ದೇನೆ. ನನ್ನ ನರ ಗಟ್ಟಿ. ಹಿಮ್ಮಡಿಯ ಕಪ್ಪು ಚರ್ಮವನ್ನು ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ. ಪ್ಯಾಂಟು ಮೇಲೆತ್ತಲು ನಾಚಿಕೆಯಾಯಿತು. ದೊಡ್ಡ ಡಾಕ್ಟರ ಮುಂದೆ ಅಂಥ ಕೊಳಕು ಕಾಲು ಹೇಗೆ ಚಾಚುವುದು?

ಊಟ ಸೇರುತ್ತದೆ. ರುಚಿ ಅಷ್ಟಕ್ಕಷ್ಟೆ. ನಿಮ್ಮವ್ವನ ಕೈರುಚಿ ಕೆಟ್ಟಿದೆ. ಇದನ್ನು ಫೋನಿನಲ್ಲಿ ಅವಳಿಗೆ ಹೇಳಬೇಡ.

ಗುರಣ್ಣ


ಯಾದಗಿರಿ
16 ಜುಲೈ 2024

ಅಪ್ಪಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಹಣೆ ಚಚ್ಚಿಕೊಂಡೆ. ಎಡವಟ್ಟು ಆದದ್ದು ನಾನು ಬರೆದ ಒಂದು ಪದದಿಂದ. ನಮ್ಮ ಮಾತಿನಲ್ಲಿ ಎಲ್ಲದಕ್ಕೂ ನರ ಅನ್ನುತ್ತೇವೆ. ರಕ್ತ ಹರಿಯುವುದೂ ನರ, ಚುಚ್ಚಿದರೆ ತಲೆಗೆ ಸುದ್ದಿ ಮುಟ್ಟಿಸುವುದೂ ನರ. ಆ ಡಾಕ್ಟರು ನೋಡಿದ್ದು ಸುದ್ದಿ ಮುಟ್ಟಿಸುವ ನರ. ಕೆಟ್ಟಿರುವುದು ರಕ್ತದ್ದು. ಅವರ ತಪ್ಪಿಲ್ಲ. ಅವರು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟೆ, ಕೇಳದ್ದನ್ನು ಪ್ಯಾಂಟಿನೊಳಗೆ ಮುಚ್ಚಿಟ್ಟೆ.

ಇಲ್ಲಿ ಅರ್ಜುಮಂದ ಎಂಬ ಡಾಕ್ಟರಮ್ಮ ಇದ್ದಾರೆ. ಇಂಥ ಕಾಲನ್ನೇ ನೋಡುವವರು. ಅವರ ಚೀಟಿ ನಮ್ಮ ಅಂಗಡಿಗೇ ಬರುತ್ತದೆ. ನಿನ್ನ ಕಾಲಿನ ಲಕ್ಷಣ ಹೇಳಿದೆ. ಕಪ್ಪಾದ ಚರ್ಮ ತೆಳ್ಳಗಾಗಿರುತ್ತದೆ, ಒಂದು ಸಲ ಒಡೆದರೆ ಹುಣ್ಣು ಮಾಯುವುದು ಕಷ್ಟ, ಬೇಗ ಕರೆದುಕೊಂಡು ಬಾ ಅಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಬಾ ಅಪ್ಪಾ. ನನ್ನ ಜೊತೆ ಮಾತಾಡಬೇಡ, ಬೇಕಾದರೆ ಮುಖವನ್ನೂ ನೋಡಬೇಡ. ಕಾಲು ತೋರಿಸಿ ಹೋಗು.

ಮೌನಾ


ಶಹಾಪುರ
2 ಸೆಪ್ಟೆಂಬರ್ 2024

ಮೌನೇಶ್ವರಿಗೆ,

ತಡವಾಯಿತು. ಬರೆಯಲು ಮನಸ್ಸಾಗಲಿಲ್ಲ. ನಿಮ್ಮವ್ವನಿಗೂ ಬಾಯಿ ಬಿಡಬೇಡ ಅಂದಿದ್ದೆ. ಅವಳು ಅಷ್ಟು ದಿನ ಸುಮ್ಮನಿದ್ದದ್ದು ಆಶ್ಚರ್ಯ.

ಚರ್ಮ ಒಡೆದಿದೆ. ಶ್ರಾವಣದ ಮೊದಲ ವಾರ ಕೆರೆತ ತಾಳದೆ ಕೆರೆದೆ, ಸಣ್ಣ ಗಾಯವಾಯಿತು. ಸಣ್ಣದಲ್ಲವೇ, ಎರಡು ದಿನದಲ್ಲಿ ಮಾಯುತ್ತದೆ ಅಂದುಕೊಂಡೆ. ಈಗ ವೀಳ್ಯದೆಲೆಯಷ್ಟು ಅಗಲ ಆಗಿದೆ. ನೀರು ಒಸರುತ್ತದೆ, ಬಟ್ಟೆ ಕಟ್ಟಿದರೂ ನೆನೆಯುತ್ತದೆ.

ಮೊನ್ನೆ ಒಬ್ಬ ವಕೀಲರ ಮನೆಯವರು ಬಟ್ಟೆ ಒಯ್ಯಲು ಬಂದರು. ನನ್ನ ಕಾಲು ನೋಡಿದರು. ಇಸ್ತ್ರಿ ಮಾಡಿಟ್ಟ ಬಟ್ಟೆ, ಮಾಡದ ಬಟ್ಟೆ ಎರಡನ್ನೂ ತೆಗೆದುಕೊಂಡು ಹೋದರು. ಮರುದಿನ ಅವರ ಓಣಿಯ ಒಂದು ಗಂಟೂ ಬರಲಿಲ್ಲ. ಅಂಟುರೋಗ ಎಂದು ಸುದ್ದಿಯಾಗಿದೆ. ಲಾಡ್ಲೇಸಾಬ ಓಣಿಗೇ ಹೋಗಿ ಜಗಳ ಮಾಡಿದ. "ರಗ್ ಕೆಟ್ಟದ ಅಷ್ಟ, ರಗ್! ರಕ್ತದ ನಾಳ! ಅಂಟೂದಲ್ಲ ಗಿಂಟೂದಲ್ಲ" ಎಂದು ಕೂಗಾಡಿದ. ಅವನ ಮನೆಮಾತು ಉರ್ದುವಿನಲ್ಲಿ ರಕ್ತದ ನರಕ್ಕೆ ರಗ್ ಎಂದು ಬೇರೆಯೇ ಪದ ಇದೆಯಂತೆ. ನಮ್ಮಲ್ಲೂ ಇದ್ದಿದ್ದರೆ ಜುಲೈ ತಿಂಗಳಲ್ಲೇ ಕೆಲಸ ಮುಗಿಯುತ್ತಿತ್ತು.

ನನಗೆ ಹೆದರಿಕೆಯಾಗಿದೆ. ಇದನ್ನು ನಿಮ್ಮವ್ವನ ಮುಂದೆ ಹೇಳಿಲ್ಲ. ಈ ಕಾಲು ಹೋದರೆ ನಾನು ಎಲ್ಲಿ ನಿಲ್ಲಲಿ?

ಯಾವ ದಿನ ಬರಲಿ ಎಂದು ಬರೆ. ಮಾತು ಮಾತ್ರ ಆಡುವುದಿಲ್ಲ.

ಗುರಣ್ಣ


ಯಾದಗಿರಿ
5 ಸೆಪ್ಟೆಂಬರ್ 2024

ಅಪ್ಪಾ,

ಈ ಕಾಗದ ಕೈಗೆ ಬಂದ ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಾ. ಭೀಮೇಶನದೇ ಬಸ್ಸು, ಈ ತಿಂಗಳು ಅವನಿಗೆ ಸುರಪುರ–ಯಾದಗಿರಿ ರೂಟಿನ ಕಂಡಕ್ಟರ್ ಡ್ಯೂಟಿ. ಅವನಿಗೆ ಹೇಳಿದ್ದೇನೆ. ಕಾಲು ಚಾಚಲು ಮುಂದಿನ ಸೀಟು ಹಿಡಿದಿರುತ್ತಾನೆ. ನಾನು ಒಲ್ಲೆ ಅಂದದ್ದಕ್ಕೆ ನೀನು ಮುನಿದೆ. ಅವನು ಮುನಿಯಲಿಲ್ಲ, ಲಗ್ನವಾಗಿ ಮಗುವನ್ನೂ ಎತ್ತಿ ಆಡಿಸುತ್ತಿದ್ದಾನೆ.

ಕಾಲು ಎಲ್ಲಿಗೂ ಹೋಗುವುದಿಲ್ಲ. ನಾನಿದ್ದೇನೆ.

ಮೌನಾ


ಶಹಾಪುರ
28 ಸೆಪ್ಟೆಂಬರ್ 2024

ಮೌನಾ,

ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಎರಡನೇ ಸಲ ಪಟ್ಟಿ ಬದಲಿಸಲು ಬಂದಾಗಲೂ ಕೂತಿದ್ದೆ. ಹೇಳಬೇಕಾದದ್ದು ಬಹಳ ಇತ್ತು, ಆಣೆ ಬಾಯಿ ಕಟ್ಟಿತ್ತು. ಈಗ ಬರೆಯುತ್ತೇನೆ.

ನೀನು ಬಡವಾಗಿದ್ದೀಯ. ಜಡೆ ಸಣ್ಣದಾಗಿದೆ. ಆ ಹಸಿರು ಚೂಡಿದಾರಕ್ಕೆ ಯಾರು ಇಸ್ತ್ರಿ ಮಾಡಿದರು? ತೋಳಿನ ಮೇಲೆ ಜೋಡು ಗೆರೆ ಬಿದ್ದಿದೆ. ಮೂಸಂಬಿ ಸುಲಿದು ಕೊಟ್ಟೆಯಲ್ಲ, ಬಹಳ ಚೆನ್ನಾಗಿತ್ತು. ನಿಜ ಬರೆಯಬೇಕೆಂದರೆ ರುಚಿ ಗೊತ್ತಾಗಲಿಲ್ಲ. ಆದರೂ ಚೆನ್ನಾಗಿತ್ತು.

ಡಾಕ್ಟರಮ್ಮ ಹೇಳಿದಂತೆ ಮಾಡುತ್ತಿದ್ದೇನೆ. ಬಿಗಿ ಪಟ್ಟಿ ಬಿಚ್ಚಿಲ್ಲ. ಮಧ್ಯಾಹ್ನ ದಿಂಬಿನ ಮೇಲೆ ಕಾಲಿಟ್ಟು, ನಮ್ಮೂರ ಗುಡ್ಡದ ಸಾಲಿನಲ್ಲಿ ಮಲಗಿದಂತೆ ಕಾಣುವ ಬುದ್ಧನ ಹಾಗೆ ಮಲಗುತ್ತೇನೆ. ಗಿರಾಕಿಗಳು ಕೈ ಮುಗಿಯುವುದೊಂದು ಬಾಕಿ.

ಒಂದು ಮಾತು ಮಾತ್ರ ತಲೆಗೆ ಹೋಗಲಿಲ್ಲ. ಹಿಮ್ಮಡಿಯ ಕಪ್ಪು ಇಸ್ತ್ರಿಯ ಕಾವಿನದಲ್ಲ, ರಕ್ತ ಮೇಲೆ ಹತ್ತಲಾರದೆ ಅಲ್ಲೇ ನಿಂತು, ಚರ್ಮದೊಳಗೆ ಸೋರಿ, ರಕ್ತದ ಕಬ್ಬಿಣ ಅಲ್ಲಿ ಕಲೆಯಾಗಿ ಕೂತಿದೆ ಅಂದರು. ಅದೇ ಬಾಯಲ್ಲಿ, ನಿಮ್ಮ ರಕ್ತದಲ್ಲಿ ಕಬ್ಬಿಣ ಕಮ್ಮಿ ಇದೆ, ಕಬ್ಬಿಣದ ಗುಳಿಗೆ ತೊಗೊಳ್ಳಿ ಅಂದರು. ಕಾಲಿನಲ್ಲಿ ತುಕ್ಕು ಹಿಡಿಯುವಷ್ಟು ಇರುವಾಗ ಇನ್ನೂ ಯಾಕೆ ನುಂಗಲಿ?

ಅಪ್ಪ


ಯಾದಗಿರಿ
6 ಅಕ್ಟೋಬರ್ 2024

ಅಪ್ಪಾ,

ಈ ಸಲ ಗುರಣ್ಣ ಎಂದು ಬರೆಯದೆ ಅಪ್ಪ ಎಂದು ಬರೆದಿದ್ದೀಯ. ಕೈ ಜಾರಿತೋ ಏನೋ. ಕೇಳುವುದಿಲ್ಲ.

ಬಿಂದಿಗೆ ಸೋರಿ ಅಂಗಳ ಒದ್ದೆಯಾದರೆ ಮನೆಯವರ ಬಾಯಾರಿಕೆ ಹೋಗುತ್ತದೆಯೇ? ಹಾಗೇ ಇದು. ಸೋರಿದ್ದು ಚರ್ಮಕ್ಕೆ ಕಲೆ, ಮೈಗೆ ಉಪಯೋಗವಿಲ್ಲ. ನಿನ್ನ ರಕ್ತ ತೆಳುವಾಗಿದೆ. ಅದರ ಜೊತೆ ಜಿಂಕ್ ಎನ್ನುವ ಇನ್ನೊಂದು ಖನಿಜವೂ ತೀರಾ ಇಳಿದಿದೆ. ಇವೆರಡೂ ಇಲ್ಲದಿದ್ದರೆ ಹೊಸ ಚರ್ಮ ಬೇಗ ಬರುವುದಿಲ್ಲ. ಡಾಕ್ಟರಮ್ಮ ನಿನ್ನನ್ನು ಊಟದ ರುಚಿ ಗೊತ್ತಾಗುತ್ತದೆಯೇ ಎಂದು ಕೇಳಿದರಲ್ಲ, ಅದಕ್ಕೇ. ಜಿಂಕ್ ಕಡಿಮೆಯಾದರೆ ನಾಲಿಗೆಯೂ ಮಂಕಾಗುತ್ತದಂತೆ. ಅವ್ವನ ಕೈರುಚಿ ಕೆಟ್ಟಿಲ್ಲ ಅಪ್ಪಾ. ಪಾಪ, ನೀನು ತಪ್ಪನ್ನು ಅವಳ ಮೇಲೆ ಹಾಕಿದ್ದೆ.

ಗುಳಿಗೆ ತಪ್ಪಿಸಬೇಡ. ರೊಟ್ಟಿ ಉಂಡ ಕೂಡಲೇ ಚಹಾ ಕುಡಿಯಬೇಡ, ಅದು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಪುಂಡಿ ಪಲ್ಯ, ಎಳ್ಳು, ಕಡಲೆ ಉಣ್ಣು, ಮೇಲೆ ಲಿಂಬೆ ಹಿಂಡಿಕೋ. ಆದರೆ ಬರೀ ಜೋಳದ ರೊಟ್ಟಿ, ಕಾಳಿನಿಂದ ಇಷ್ಟು ಕೊರತೆ ತುಂಬಲು ಬಹಳ ದಿನ ಬೇಕಂತೆ. ಮೀನು, ತತ್ತಿ, ಮಟನ್ ತಿನ್ನುವವರೇ ಆದರೆ ತಿನ್ನಲಿ ಅಂದರು. ನೀನು ಮೀನು ಅಂದರೆ ಮುಳ್ಳನ್ನೂ ಬಿಡದವನು. ಅವ್ವ ಹೇಳಿದಳು, ಮೂರು ವರ್ಷದಿಂದ ಮನೆಯಲ್ಲಿ ಒಂದು ತತ್ತಿಯೂ ಒಡೆದಿಲ್ಲವಂತೆ. ಯಾಕೆ ಬಿಟ್ಟೆ?

ಮೌನಾ


ಶಹಾಪುರ
19 ಅಕ್ಟೋಬರ್ 2024

ಮೌನಾ,

ಗುಳಿಗೆ ನುಂಗುತ್ತಿದ್ದೇನೆ. ಚಹಾ ಬಿಟ್ಟು ಉಣ್ಣುವುದು ಅಂದರೆ ಉಂಡಂತೆಯೇ ಆಗುವುದಿಲ್ಲ, ಆದರೂ ಎರಡು ತಾಸು ತಡೆಯುತ್ತೇನೆ. ಲಿಂಬೆ ಹಿಂಡುತ್ತೇನೆ. ಲಾಡ್ಲೇಸಾಬ ದಿನಾ ಒಂದು ಮುಷ್ಟಿ ಎಳ್ಳು ತಂದು ನನ್ನ ಬಾಯಿಗೇ ಹಾಕಿ ಹೋಗುತ್ತಾನೆ.

ಮೀನು, ಮಟನ್ ಕೇಳಬೇಡ. ಅಬ್ಬೆತುಮಕೂರು ಮಠದಲ್ಲಿ ಬಿಟ್ಟು ಬಂದಿದ್ದೇನೆ. ದೇವರ ಮುಂದೆ ಬಿಟ್ಟದ್ದು ಬಿಟ್ಟದ್ದೇ. ಯಾಕೆ ಏನು ಎಂದು ನಿಮ್ಮವ್ವನನ್ನೂ ಕೇಳಬೇಡ.

ಹುಣ್ಣು ಹಾಗೇ ಇದೆ. ದೊಡ್ಡದಾಗಿಲ್ಲ, ಸಣ್ಣದೂ ಆಗಿಲ್ಲ.

ಅಪ್ಪ


ಯಾದಗಿರಿ
15 ಡಿಸೆಂಬರ್ 2024

ಅಪ್ಪಾ,

ಕೇಳಬೇಡ ಅಂದದ್ದಕ್ಕೇ ಕೇಳಿದೆ. ಅವ್ವ ಎಷ್ಟೋ ದಿನ ಮಾತು ಮರೆಸಿದಳು. ನಿನ್ನೆ ಹುಣ್ಣು ಇನ್ನೂ ಪೂರ್ತಿ ಮುಚ್ಚಿಲ್ಲ ಎಂದು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಅಳುವಿನ ಜೊತೆ ಅದೂ ಹೊರಗೆ ಬಂತು.

ನಾನು ಊರು ಬಿಟ್ಟ ವಾರ ನೀನು ಮಠಕ್ಕೆ ಹೋದೆಯಂತೆ. ಗದ್ದುಗೆಯ ಮುಂದೆ ನಿಂತು, "ಒಬ್ಬಾಕಿನ ಹೋಗ್ಯಾಳಪ್ಪ, ಆಕಿಗಿ ಏನೂ ಆಗಬಾರದು. ಆಕಿ ತನ್ನ ಕಾಲ ಮ್ಯಾಲ ತಾ ನಿಂದ್ರೂತನ ನಾ ಮೀನು ಮಾಂಸ ಮುಟ್ಟಂಗಿಲ್ಲ" ಅಂದೆಯಂತೆ. ನನ್ನ ಜೊತೆ ಮಾತು ಬಿಟ್ಟ ವಾರವೇ ನನಗಾಗಿ ಊಟ ಬಿಟ್ಟಿದ್ದೀಯ. ಎಂಥ ಮನುಷ್ಯ ನೀನು! ಸಿಟ್ಟು ಬಂತು, ಅಳು ಬಂತು, ನಿನ್ನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಈಗ ನನ್ನ ಲೆಕ್ಕ ಕೇಳು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿರುತ್ತೇನೆ. ಯಾರ ಹಂಗೂ ಇಲ್ಲ. ನಿಂತು ನಿಂತು ನನ್ನ ಎಡಮೊಣಕಾಲಿನ ಹಿಂದೆಯೂ ಒಂದು ನೀಲಿ ಗೆರೆ ಮೂಡಿದೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಡಾಕ್ಟರಮ್ಮನಿಗೆ ತೋರಿಸಿದೆ, ಹೆದರುವಂಥದ್ದಲ್ಲ, ಮನೆತನದಲ್ಲಿ ಬರುತ್ತದೆ, ಈಗಿನಿಂದಲೇ ಬಿಗಿ ಕಾಲುಚೀಲ ಹಾಕಿಕೋ ಅಂದರು. ಹಾಕಿಕೊಂಡಿದ್ದೇನೆ. ನಾನು ನನ್ನ ಕಾಲ ಮೇಲೆ ನಿಂತದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು? ನಿನ್ನ ಹರಕೆ ಮುಟ್ಟಿದೆ ಅಪ್ಪಾ.

ಹೊಸ ವರ್ಷದ ಮೊದಲ ಭಾನುವಾರ ಬರುತ್ತೇನೆ. ಭೀಮಾ ಹೊಳೆಯ ಮೀನು ತರುತ್ತೇನೆ. ಮೊದಲು ಮಠಕ್ಕೆ ಹೋಗಿ, ಕಾಯಿ ಒಡೆಸಿ, ನಿನ್ನ ಹರಕೆ ತೀರಿತೆಂದು ಕೈ ಮುಗಿದೇ ಬರುತ್ತೇನೆ. ಸಾರು ನಾನೇ ಮಾಡುತ್ತೇನೆ. ನೀನು ಸುಮ್ಮನೆ ಕೂತು ಉಣ್ಣು.

ನಿನ್ನ ಮಗಳು
ಮೌನಾ


ಶಹಾಪುರ
8 ಜನವರಿ 2025

ಅವ್ವಾ ಮೌನಾ,

ನೀನು ಬಸ್ಸು ಹತ್ತಿ ಹೋದ ಮೇಲೆ ನಮ್ಮ ಅಂಗಡಿಯ ಮುಂದೆ ದೊಡ್ಡ ಪಂಚಾಯಿತಿ ನಡೆಯಿತು.

ನಡೆದದ್ದು ನಿನಗೂ ಗೊತ್ತು. ನೀನು ಸಾರು ಬಡಿಸಿದೆ. ನಾನು ರೊಟ್ಟಿ ಮುರಿದೆ. ಮೊದಲ ತುತ್ತಿಗೇ ಬಾಯಿಂದ ಹೊರಗೆ ಬಂತು: "ಉಪ್ಪು ಕಮ್ಮಿ ಆಗ್ಯಾದ, ಅವ್ವಾ."

ನಿಮ್ಮವ್ವನ ಕೈಯ ಸೌಟು ಅಲ್ಲೇ ನಿಂತಿತು. ನೀನು ಎದ್ದು ಒಳಗೆ ಹೋದೆ. ಉಪ್ಪು ತರಲು ಹೋದೆ ಅಂದುಕೊಂಡೆ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಉಪ್ಪು ಇರಲಿಲ್ಲ. ಆಮೇಲೆ ನಾನು ಮುಳ್ಳು ಆರಿಸುವ ನೆವದಲ್ಲಿ ತಾಟು ನೋಡುತ್ತಾ ಉಂಡೆ.

ಪಂಚಾಯಿತಿಯಲ್ಲಿ ನಾನು, ಆಣೆ ಮುರಿದಿಲ್ಲ, ಹೆಂಡತಿಗೆ ಹೇಳಿದ್ದು ಅಂದೆ. ನಿಮ್ಮವ್ವ ಎದ್ದು ನಿಂತಳು. "ನನಗ ಏ ಇಕಿ ಅಂತಾನ. ಈ ಜನ್ಮದಾಗ ಒಮ್ಮಿನೂ ಅವ್ವಾ ಅಂದಿಲ್ಲ" ಅಂದಳು. ಹಾಗಾದರೆ ಸಾರಿಗೆ ಹೇಳಿದ್ದು ಅಂದೆ. ಲಾಡ್ಲೇಸಾಬ ಟೇಪು ಕೊರಳಿಗೆ ಹಾಕಿಕೊಂಡೇ ನ್ಯಾಯ ಹೇಳಿದ. "ಸಾರಿಗಿ ಯಾರರ ಅವ್ವಾ ಅಂತಾರೇನೋ ಮಾರಾಯ? ಸೋತಿ, ಒಪ್ಕೋ."

ಒಪ್ಪಿಕೊಂಡೆ. ಇಸ್ತ್ರಿ ಪೆಟ್ಟಿಗೆಯ ಕೆಂಡ ಚೆಲ್ಲಿ, ಬೂದಿ ತೆಗೆದು, ಒರೆಸಿ ಇಟ್ಟೆ. ಆಣೆ ಆ ಬೂದಿಯ ಜೊತೆಗೇ ಹೋಯಿತು ಎಂದು ಲಾಡ್ಲೇಸಾಬ ತೀರ್ಮಾನ ಕೊಟ್ಟಿದ್ದಾನೆ.

ಹುಣ್ಣು ಈಗ ಹುಣಸೆಬೀಜದಷ್ಟು ಉಳಿದಿದೆ. ಸುತ್ತ ತೆಳ್ಳಗೆ, ಕೆಂಪಗೆ ಹೊಸ ಚರ್ಮ ಬಂದಿದೆ. ನಿಮ್ಮವ್ವ ದಿನಾ ಅದನ್ನು ನೋಡಿ ಕೂಸಿನ ಕೆನ್ನೆ ಅನ್ನುತ್ತಾಳೆ. ಪೂರ್ತಿ ಮಾಯ್ದ ಮೇಲೆ ಉಬ್ಬಿದ ನರಕ್ಕೆ ಡಾಕ್ಟರಮ್ಮ ಹೇಳಿದ ಲೇಸರ್ ಚಿಕಿತ್ಸೆ ಮಾಡಿಸೋಣ. ಕಪ್ಪು ಕಲೆ ಹೋಗದಿದ್ದರೆ ಇರಲಿ. ವಕೀಲರ ಓಣಿಯ ಗಂಟುಗಳು ಒಂದೊಂದಾಗಿ ಬರುತ್ತಿವೆ.

ಭೀಮೇಶನ ಬಸ್ಸಿನಲ್ಲಿ ಒಂದು ಸ್ಟೂಲು ಕಳಿಸಿದ್ದೇನೆ. ನಿನ್ನ ಕೌಂಟರಿನ ಎತ್ತರಕ್ಕೆ ಅಳತೆ ಅವನೇ ತಂದುಕೊಟ್ಟ. ನಿನ್ನ ಕಾಲ ಮೇಲೆ ನೀನು ನಿಂತದ್ದು ನಾನು ನೋಡಿದ್ದಾಯಿತು, ದೇವರೂ ನೋಡಿದ್ದಾಯಿತು. ಇನ್ನು ಸ್ವಲ್ಪ ಕೂತುಕೋ. ಅದರ ಜೋಡಿ ಸ್ಟೂಲು ಇಲ್ಲಿ ನನ್ನ ಹತ್ತಿರ ಇದೆ. ಕೂತು ಇಸ್ತ್ರಿ ಮಾಡಿದರೆ ಮಡಿಕೆ ಸ್ವಲ್ಪ ಸೊಟ್ಟ ಬರುತ್ತದೆ. ಇಲ್ಲಿಯವರೆಗೆ ಯಾವ ವಕೀಲರೂ ಕಂಡುಹಿಡಿದಿಲ್ಲ.

ಈ ಕಾಗದ ಮುಟ್ಟಿದ ದಿನ ಸಂಜೆ ನಿನಗೆ ಒಂದು ಫೋನ್ ಬರುತ್ತದೆ. ನಿಮ್ಮವ್ವನ ನಂಬರಿನಿಂದಲೇ ಬರುತ್ತದೆ. ಎತ್ತಿದ ಕೂಡಲೇ ಅವ್ವಾ ಎಂದು ಶುರು ಮಾಡಬೇಡ. ಈ ಸಲ ಅದನ್ನು ನಾನು ಅನ್ನಬೇಕು.

ನಿನ್ನ ಅಪ್ಪ